ಗೆಲುವಿಗೆ ಮುನ್ನಿನ ಗತ್ತು: ಮಸ್ಕಿ–ಸಿಂಧನೂರು ಸೀಮೆಯ ಮಹಿಳೆಯರು ಮತ್ತು ಭಾವಿ ಸ್ವರೂಪದ ಪ್ರಶ್ನೆ

ಸಾಧನೆ ಕೈಗೂಡುವ ಮೊದಲೇ ಅದು ಕೈಗೂಡಿದವಳಂತೆ ನಡೆದುಕೊಳ್ಳುವ, ಅಂದರೆ ಮುಂದೆ ತಾನು ಏನಾಗಬೇಕೆಂದಿದ್ದಾಳೋ ಆ ವ್ಯಕ್ತಿಯ ನಿಲುವು, ಮಾತು ಮತ್ತು ಹೊಣೆಗಳನ್ನು ಇಂದೇ ಹೊತ್ತು ನಿಲ್ಲುವ ಮಹಿಳೆಯ ಪ್ರಶ್ನೆಯನ್ನು ಮನೋವಿಜ್ಞಾನ, ಅರ್ಥಶಾಸ್ತ್ರ ಮತ್ತು ಮಹಿಳಾ ಅಧ್ಯಯನಗಳು ಬೇರೆ ಬೇರೆ ದಾರಿಗಳಿಂದ ಬಂದು ಮುಟ್ಟಿವೆ. ನಗರಗಳ ವ್ಯಕ್ತಿತ್ವ ವಿಕಸನ ಶಿಬಿರಗಳು ಇದನ್ನು ಒಬ್ಬಂಟಿ ಮನಸ್ಸಿನ ಶಕ್ತಿಯೆಂದು ಬೋಧಿಸುತ್ತವೆ. ಎದೆಯೆತ್ತಿ ನಿಂತು, ಗೆದ್ದಂತೆ ಭಾವಿಸಿಕೊಂಡರೆ ಗೆಲುವು ಹಿಂಬಾಲಿಸುತ್ತದೆ ಎಂಬುದು ಅವುಗಳ ಸಾರ. ಆದರೆ ರಾಯಚೂರು ಜಿಲ್ಲೆಯ ಮಸ್ಕಿ, ಲಿಂಗಸುಗೂರು ಮತ್ತು ಸಿಂಧನೂರು ಸೀಮೆಯಲ್ಲಿ, ಪಾಮನಕಲ್ಲೂರಿನಂಥ ಊರುಗಳ ಸುತ್ತಮುತ್ತ, ಕಳೆದ ಮೂರು-ನಾಲ್ಕು ದಶಕಗಳಲ್ಲಿ ಮಹಿಳೆಯರು ನಡೆದು ಬಂದ ದಾರಿಯನ್ನು ಎದುರಿಗಿಟ್ಟುಕೊಂಡು ಪರಿಶೀಲಿಸಿದರೆ ಈ ಬೋಧನೆ ಅರ್ಧ ಸತ್ಯವಷ್ಟೇ ಎಂಬುದು ತಿಳಿಯುತ್ತದೆ. ಗೆಲುವಿಗೆ ಮುನ್ನಿನ ಆತ್ಮವಿಶ್ವಾಸವು ನಿಲ್ಲಬೇಕಾದರೆ ಅದಕ್ಕೆ ಒಂದು ನಿತ್ಯದ ಕೆಲಸ ಬೇಕು, ಆ ಕೆಲಸವನ್ನು ಕಣ್ಣಾರೆ ಕಾಣುವ ಜನ ಬೇಕು, ಆ ಜನರು ಮನಸ್ಸಿಲ್ಲದಿದ್ದರೂ ಒಪ್ಪಲೇಬೇಕಾದ ಒಂದು ಸ್ಥಾನವೂ ಬೇಕು.

ಈ ಸೀಮೆಯ ಸ್ಥಿತಿಯನ್ನು ಮೊದಲು ಗಮನಿಸಬೇಕು. 1948ರ ಸೆಪ್ಟೆಂಬರ್‌ವರೆಗೆ ಹೈದರಾಬಾದ್ ನಿಜಾಮರ ಆಡಳಿತದಲ್ಲಿದ್ದ ಈ ಭಾಗದಲ್ಲಿ ಹೆಣ್ಣುಮಕ್ಕಳ ಶಾಲೆಗಳು ಹಳೆಯ ಮೈಸೂರು ಸಂಸ್ಥಾನಕ್ಕಿಂತ ಬಹಳ ತಡವಾಗಿ ಬಂದವು. 2002ರಲ್ಲಿ ಸಲ್ಲಿಕೆಯಾದ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯ ವರದಿಯು ಲಿಂಗಸುಗೂರು ಮತ್ತು ಸಿಂಧನೂರುಗಳನ್ನು ರಾಜ್ಯದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿಗೆ ಸೇರಿಸಿತು. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಪುರುಷರ ಸಾಕ್ಷರತೆ ಶೇ. 70ರಷ್ಟಿದ್ದರೆ ಮಹಿಳೆಯರದು ಶೇ. 49ನ್ನೂ ಮುಟ್ಟಿರಲಿಲ್ಲ. ಸಿಂಧನೂರಿನ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತದ ಗದ್ದೆಗಳು ಎದ್ದವು. ಮಸ್ಕಿ, ಲಿಂಗಸುಗೂರಿನ ಬಹುಭಾಗ ಮಳೆಯನ್ನೇ ನೆಚ್ಚಿಕೊಂಡು ಉಳಿಯಿತು. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ 2020–21ರಲ್ಲಿ ಪಾಮನಕಲ್ಲೂರಿನಲ್ಲಿ ನಡೆದ ದೀರ್ಘ ಧರಣಿಯ ಹಿಂದೆ ಇದ್ದದ್ದು ಇದೇ ಅಸಮತೆ. ಮಳೆ ಕೈಕೊಟ್ಟ ವರ್ಷ ಕುಟುಂಬಗಳು ಗುಳೆ ಹೊರಡುತ್ತವೆ, ಅಂದರೆ ಮನೆಗೆ ಬೀಗ ಹಾಕಿಕೊಂಡು ಬೆಂಗಳೂರು, ಪುಣೆಗಳ ಕಟ್ಟಡದ ಕೆಲಸಗಳಿಗೆ ಹೋಗುತ್ತವೆ. ಇಂಥಲ್ಲಿ ಒಬ್ಬ ಮಹಿಳೆಯು ನಾಳಿನ ತನ್ನನ್ನು ಇಂದೇ ಬದುಕುವುದೆಂದರೆ ಉಡುಗೆ-ತೊಡುಗೆಯ ಮಾತಲ್ಲ.

ವಿದ್ವಾಂಸರು ಇದನ್ನು ಹೇಗೆ ವಿವರಿಸಿದ್ದಾರೆ ಎಂಬುದನ್ನು ಇಲ್ಲಿ ನೋಡಬಹುದು. ಭಾವನೆಯಿಂದ ಕ್ರಿಯೆ ಹುಟ್ಟುತ್ತದೆ ಎಂಬ ಸಾಮಾನ್ಯ ತಿಳಿವಳಿಕೆಯನ್ನು ತಿರುವಿ ಹಾಕಿ, ದೇಹದ ಕ್ರಿಯೆಯೇ ಭಾವನೆಗೆ ಮೊದಲು ಎಂದು ಅಮೆರಿಕದ ತತ್ತ್ವಜ್ಞ ವಿಲಿಯಂ ಜೇಮ್ಸ್ 1884ರಲ್ಲಿಯೇ ವಾದಿಸಿದ್ದರು. 1986ರಲ್ಲಿ ಹೇಝಲ್ ಮಾರ್ಕಸ್ ಮತ್ತು ಪೌಲಾ ನೂರಿಯಸ್ ಎಂಬ ಇಬ್ಬರು ಮಹಿಳಾ ಮನೋವಿಜ್ಞಾನಿಗಳು 'ಸಂಭಾವ್ಯ ಸ್ವರೂಪಗಳು' ಎಂಬ ಪರಿಕಲ್ಪನೆಯನ್ನು ಮುಂದಿಟ್ಟರು. ತಾನು ಆಗಬಹುದಾದ, ಆಗಬೇಕೆಂದಿರುವ ಮತ್ತು ಆಗಿಬಿಟ್ಟೇನೆಂದು ಅಂಜುವ ವ್ಯಕ್ತಿಗಳ ಚಿತ್ರಗಳು ಪ್ರತಿಯೊಬ್ಬರ ಒಳಗೂ ಇರುತ್ತವೆ, ಇಂದಿನ ನಡೆಯನ್ನು ಆ ಚಿತ್ರಗಳೇ ತಿದ್ದುತ್ತವೆ ಎಂಬುದು ಅದರ ತಿರುಳು. ಆ ಚಿತ್ರಗಳು ಗಾಳಿಯಿಂದ ಬರುವುದಿಲ್ಲ, ಸುತ್ತಲಿನ ಸಮಾಜ ಒದಗಿಸಿದ ಮಾದರಿಗಳಿಂದಲೇ ಬರುತ್ತವೆ ಎಂದು ಅವರು ಸೇರಿಸಿದ ಮಾತು ಬಹುತೇಕ ಶಿಬಿರಗಳಲ್ಲಿ ಕೈಬಿಟ್ಟುಹೋಗಿದೆ. ಆಲ್ಬರ್ಟ್ ಬಂಡೂರಾ 1977ರಲ್ಲಿ ವಿವರಿಸಿದ 'ಸ್ವಸಾಮರ್ಥ್ಯದ ನಂಬಿಕೆ', ಅಂದರೆ ಒಂದು ನಿರ್ದಿಷ್ಟ ಕೆಲಸವನ್ನು ತಾನು ಮಾಡಬಲ್ಲೆನೆಂಬ ಭರವಸೆಯೂ ಇದೇ ದಿಕ್ಕಿನದು. ಅದರ ಮೂಲಗಳಲ್ಲಿ ಎಲ್ಲಕ್ಕಿಂತ ಬಲವಾದದ್ದು ಸ್ವತಃ ಮಾಡಿ ಕಂಡ ಅನುಭವ, ಅನಂತರದ್ದು ತನ್ನಂಥವರೇ ಮಾಡಿದ್ದನ್ನು ಕಂಡ ಅನುಭವ, ಹುರಿದುಂಬಿಸುವ ಮಾತಿಗೆ ಇವೆರಡರ ಬಲವಿಲ್ಲ.

ಇದಕ್ಕೆ ಎದುರಾಗಿ, ಭಂಗಿಯೊಂದರಿಂದಲೇ ಎಲ್ಲವೂ ಸಾಧ್ಯವೆಂಬ ವಾದಕ್ಕೆ ಈಚೆಗೆ ದೊಡ್ಡ ಹಿನ್ನಡೆಯಾಗಿದೆ. ಎರಡು ನಿಮಿಷ ಅಧಿಕಾರದ ಭಂಗಿಯಲ್ಲಿ ನಿಂತರೆ ದೇಹದ ಹಾರ್ಮೋನುಗಳೇ ಬದಲಾಗುತ್ತವೆ ಎಂದು 2010ರಲ್ಲಿ ಪ್ರಕಟವಾದ ಕಾರ್ನಿ, ಕಡ್ಡಿ ಮತ್ತು ಯಾಪ್ ಅವರ ಅಧ್ಯಯನ ಲೋಕಪ್ರಸಿದ್ಧವಾಯಿತು. 2015ರಲ್ಲಿ 200 ಜನರನ್ನು ಇಟ್ಟುಕೊಂಡು ಬೇರೊಂದು ತಂಡ ಅದನ್ನು ಮರುಪರೀಕ್ಷಿಸಿದಾಗ ಭಾಗವಹಿಸಿದವರಿಗೆ ಬಲಬಂದಂತೆ ಅನ್ನಿಸಿತೇ ಹೊರತು ಹಾರ್ಮೋನಾಗಲಿ ನಡವಳಿಕೆಯಾಗಲಿ ಬದಲಾಗಲಿಲ್ಲ. ಮರುವರ್ಷ ಮೂಲ ಲೇಖಕರಲ್ಲೊಬ್ಬರಾದ ಡೇನಾ ಕಾರ್ನಿಯವರೇ ಆ ಪರಿಣಾಮ ನಿಜವೆಂದು ತಾವು ನಂಬುವುದಿಲ್ಲವೆಂದು ಬಹಿರಂಗವಾಗಿ ತಿಳಿಸಿದರು. ಅದಕ್ಕೂ ಮೊದಲು, 2002ರಲ್ಲಿ, ಗೇಬ್ರಿಯೆಲ್ ಓಟಿಂಗೆನ್ ಮತ್ತು ಡೊರಿಸ್ ಮೇಯರ್ ಪದವೀಧರರನ್ನು ಕುರಿತು ನಡೆಸಿದ ಅಧ್ಯಯನದಲ್ಲಿ ಒಳ್ಳೆಯ ಕೆಲಸದ ಸುಖಸ್ವಪ್ನದಲ್ಲಿ ಹೆಚ್ಚು ಮುಳುಗಿದವರಿಗೆ ಕೆಲಸದ ಕರೆಗಳು ಕಡಿಮೆ ಬಂದವು, ಸಂಬಳವೂ ಕಡಿಮೆ ಸಿಕ್ಕಿತು. ಕೆಲಸ ಸಿಗುತ್ತದೆಂಬ ಲೆಕ್ಕಾಚಾರದ ನಿರೀಕ್ಷೆಯಿದ್ದವರ ಗತಿ ಮಾತ್ರ ಇದಕ್ಕೆ ತದ್ವಿರುದ್ಧವಾಗಿತ್ತು. ಕನಸಿನಲ್ಲಿಯೇ ಉಂಡವರಿಗೆ ಅಡುಗೆಗೆ ಏಳುವ ಹಸಿವು ಉಳಿಯುವುದಿಲ್ಲ. ಆದ್ದರಿಂದ ಭಾವಿ ಸ್ವರೂಪವನ್ನು ಕಲ್ಪಿಸಿಕೊಳ್ಳುವುದಕ್ಕೂ ಅದನ್ನು ನಡೆಸುವುದಕ್ಕೂ ಇರುವ ಅಂತರವೇ ಈ ಚರ್ಚೆಯ ಕೇಂದ್ರ.

ಈ ಅಂತರವನ್ನು ಅರಿಯಲು ಲಿಂಗಸುಗೂರು ಸೀಮೆ ಹೊರನಾಡಿನ ಪ್ರಯೋಗಾಲಯಗಳನ್ನು ಕಾಯಬೇಕಾಗಿರಲಿಲ್ಲ. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಮೂಲಸ್ಥಳ ಈ ತಾಲ್ಲೂಕಿನ ಅಮರೇಶ್ವರ ಎಂಬುದು ಪರಂಪರೆಯ ನಂಬಿಕೆ. ಲಕ್ಕಮ್ಮನ ವಚನಗಳ ಅಂಕಿತದಲ್ಲಿಯೂ ಅಮರೇಶ್ವರಲಿಂಗದ ಹೆಸರಿದೆ. ಕಲ್ಯಾಣದಲ್ಲಿ ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜೀವಿಸುತ್ತಿದ್ದ ಈ ಮನೆಗಿಂತ ಬಡತನದ ಮನೆ ಇನ್ನೊಂದಿರಲಾರದು. ಆದರೂ ಲಕ್ಕಮ್ಮ ನಡೆದುಕೊಂಡದ್ದು ಬೇಡುವವಳಂತಲ್ಲ, ದಾಸೋಹ ನಡೆಸುವ ಮನೆಯೊಡತಿಯಂತೆ. ಅನುಭಾವದ ಗೋಷ್ಠಿಯಲ್ಲಿ ಮೈಮರೆತ ಗಂಡನಿಗೆ ಕಾಯಕದ ಹೊತ್ತಾಯಿತೆಂದು ಎಚ್ಚರಿಸಿದವಳು, ಅವನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಅದು ಆಸೆಯ ಫಲವೆಂದು ಹೇಳಿ ಅಲ್ಲಿಯೇ ಸುರಿದು ಬರಲು ಮರಳಿ ಕಳುಹಿಸಿದವಳು ಅವಳು. ಆ ಮನೆಯ ಅಕ್ಕಿಯಿಂದಲೇ ಲಕ್ಷದ ತೊಂಬತ್ತಾರು ಸಾವಿರ ಜಂಗಮರಿಗೆ ಊಟವಾಯಿತೆಂಬ ಕಥೆಯನ್ನು ಚರಿತ್ರೆಯೆಂದು ಓದಬೇಕಾಗಿಲ್ಲ. ಸಿರಿವಂತಿಕೆ ಬಂದ ಮೇಲೆ ಘನತೆ ಎಂಬ ಕ್ರಮವನ್ನು ಒಪ್ಪದೆ, ಘನತೆಯನ್ನು ಮೊದಲು ಕೈಗೆತ್ತಿಕೊಂಡ ಹೆಣ್ಣೊಬ್ಬಳನ್ನು ಇಲ್ಲಿನ ಜನಮನ ಎಂಟು ಶತಮಾನಗಳಿಂದ ನೆನಪಿನಲ್ಲಿ ಉಳಿಸಿಕೊಂಡಿದೆ ಎಂಬುದೇ ಇಲ್ಲಿ ಮುಖ್ಯ. ಅವಳ ಗತ್ತು ಕೂಡ ಏಕಾಂತದ್ದಾಗಿರಲಿಲ್ಲ. ಅದರ ಹಿಂದೆ ಕಾಯಕವಿತ್ತು, ಸುತ್ತ ಶರಣರ ಸಭೆಯಿತ್ತು.

ಕನ್ನಡ ನಾಡಿನ ಈಚಿನ ಚರಿತ್ರೆಯಲ್ಲಿಯೂ ಇದೇ ರೀತಿ ಕಾಣುತ್ತದೆ. ಹದಿನಾಲ್ಕರ ವಯಸ್ಸಿಗೆ ವಿಧವೆಯಾದ ನಂಜನಗೂಡು ತಿರುಮಲಾಂಬ ಅವರು 1913ರಲ್ಲಿ 'ಸತೀ ಹಿತೈಷಿಣೀ' ಗ್ರಂಥಮಾಲೆಯನ್ನು ಆರಂಭಿಸಿದಾಗ ಕನ್ನಡದಲ್ಲಿ ಪ್ರಕಾಶಕಿ ಎಂಬ ಸ್ಥಾನವೇ ಇರಲಿಲ್ಲ; ಸ್ಥಾನ ಹುಟ್ಟುವ ಮೊದಲೇ ಅವರು ಅದರ ಕೆಲಸಕ್ಕೆ ಕೈಹಾಕಿದ್ದರು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಅವರು 1926ರಲ್ಲಿ ಮದ್ರಾಸ್ ಶಾಸನ ಪರಿಷತ್ತಿಗೆ ಸ್ಪರ್ಧಿಸಿ ಕೇವಲ 55 ಮತಗಳಿಂದ ಸೋತರು, ಆದರೆ ಭಾರತದಲ್ಲಿ ಹೆಣ್ಣೊಬ್ಬಳು ಶಾಸನಸಭೆಗೆ ಉಮೇದುವಾರಳಾಗಿ ಮತದಾರರ ಎದುರು ನಿಂತದ್ದು ಅದೇ ಮೊದಲು. 1958ರಲ್ಲಿ ಮೈಸೂರಿನಲ್ಲಿ ಸ್ತ್ರೀ ನಾಟಕ ಮಂಡಳಿಯನ್ನು ಕಟ್ಟಿದ ಆರ್. ನಾಗರತ್ನಮ್ಮ ಅವರದಂತೂ ಅಕ್ಷರಶಃ ವೇಷ ತೊಟ್ಟ ಉದಾಹರಣೆ. ಕಂಸನಾಗಿ, ರಾವಣನಾಗಿ, ದುರ್ಯೋಧನನಾಗಿ ರಂಗದ ಮೇಲೆ ಗರ್ಜಿಸಿದ ಅವರು, ರಂಗದಿಂದ ಇಳಿದ ಮೇಲೆ ಹೆಣ್ಣುಮಕ್ಕಳೇ ತುಂಬಿದ ಕಂಪನಿಯೊಂದರ ಮಾಲಕಿಯಾಗಿ ಊರೂರು ತಿರುಗಿದರು. ಬೆಳಗಾವಿ ಜಿಲ್ಲೆಯ ಸೀತವ್ವ ಜೋಡಟ್ಟಿಯವರು ಬಾಲ್ಯದಲ್ಲಿಯೇ ದೇವದಾಸಿಯಾಗಿ ಬಿಡಲ್ಪಟ್ಟವರು. ಅದೇ ಬದುಕಿನಿಂದ ಎದ್ದು ಬಂದ ಮಹಿಳೆಯರ ಸಂಸ್ಥೆಯನ್ನು ಮುನ್ನಡೆಸಿ 2018ರಲ್ಲಿ ಪದ್ಮಶ್ರೀ ಪಡೆದರು. ಇವರೆಲ್ಲರ ಮಾತು ಬಂದಾಗ ಪ್ರಶಸ್ತಿಯನ್ನು ಎತ್ತಿ ಹೇಳುವುದು ರೂಢಿ. ಪ್ರಶಸ್ತಿಯ ಸುಳಿವೂ ಇಲ್ಲದಿದ್ದ ವರ್ಷಗಳಲ್ಲಿ ಅವರು ಬೆಳಗಾದರೆ ಏನು ಮಾಡುತ್ತಿದ್ದರು ಎಂಬುದನ್ನು ಕೇಳಿದರೆ ಹೆಚ್ಚು ತಿಳಿಯುತ್ತದೆ.

ರಾಯಚೂರು ಜಿಲ್ಲೆಯಲ್ಲಿ ಈ ಪ್ರಶ್ನೆಗೆ ಸಿಗುವ ಅತ್ಯಂತ ಸಮೃದ್ಧವಾದ ಉತ್ತರ ಸಂಘಗಳಲ್ಲಿದೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಆಶಯದಂತೆ 1989ರಲ್ಲಿ ಕರ್ನಾಟಕದಲ್ಲಿ ಆರಂಭವಾದ ಮಹಿಳಾ ಸಮಖ್ಯಾ ಕಾರ್ಯಕ್ರಮವು ಮೊದಲು ಬೀದರ್, ವಿಜಾಪುರ, ಮೈಸೂರು ಜಿಲ್ಲೆಗಳಲ್ಲಿ ನೆಲೆಯೂರಿ ಆಮೇಲೆ ರಾಯಚೂರಿಗೂ ಬಂತು. ಅದು ಸಾಲ ಕೊಡುವ ಕಾರ್ಯಕ್ರಮವಾಗಿರಲಿಲ್ಲ, ಮಹಿಳೆಯರು ಕೂಡಿ ಕುಳಿತು ಮಾತನಾಡುವುದನ್ನೇ ಶಿಕ್ಷಣವೆಂದು ಬಗೆದಿತ್ತು. ಇಂಥ ಸಂಘಗಳ ಆರಂಭದ ಕೂಟಗಳಲ್ಲಿ ನಡೆಯುತ್ತಿದ್ದುದನ್ನು ಹತ್ತಿರದಿಂದ ನೋಡಬೇಕು. ಇಂಥವರ ಹೆಂಡತಿ, ಇಂಥವರ ಸೊಸೆ, ಇಂಥವನ ತಾಯಿ ಎಂದೇ ಊರಿನಲ್ಲಿ ಗುರುತಾಗಿದ್ದವಳು ಸರದಿ ಬಂದಾಗ ಎದ್ದು ನಿಂತು ತನ್ನ ಹೆಸರನ್ನು ಗಟ್ಟಿಯಾಗಿ ಹೇಳಬೇಕು. ಮೊದಲ ವಾರ ಬಾಯಿಗೆ ಸೆರಗು ಅಡ್ಡ ಬರುತ್ತದೆ, ಪಕ್ಕದವಳು ಅವಳ ಪರವಾಗಿ ಹೇಳಿಬಿಡುತ್ತಾಳೆ. ಕೆಲವು ವಾರ ಕಳೆದ ಮೇಲೆ ಅದೇ ಹೆಸರು ಹಾಜರಿ ಪುಸ್ತಕದಲ್ಲಿ ಹೆಬ್ಬೆಟ್ಟಿನ ಬದಲು ಅಂಕುಡೊಂಕಾದ ಅಕ್ಷರಗಳಲ್ಲಿ ಕಾಣತೊಡಗುತ್ತದೆ. ಪಂಚಾಯಿತಿಯಿಂದ ಜಾಗ ಕೇಳಿ ಪಡೆದು ಕಟ್ಟಿಕೊಂಡ ಸಂಘದ ಮನೆಯಂತೂ, ತವರಿನದೂ ಅಲ್ಲದ ಗಂಡನದೂ ಅಲ್ಲದ ಒಂದು ಸೂರು ಊರಿನಲ್ಲಿ ಹೆಣ್ಣಿಗೆ ಇರಬಹುದೆಂಬುದನ್ನು ಕಲ್ಲು-ಮಣ್ಣಿನಲ್ಲಿಯೇ ತೋರಿಸಿಕೊಟ್ಟಿತು. 2000–01ರಲ್ಲಿ ಸರ್ಕಾರ ಆರಂಭಿಸಿದ ಸ್ತ್ರೀಶಕ್ತಿ ಯೋಜನೆ ಅಂಗನವಾಡಿಗಳ ಮೂಲಕ ಇದೇ ವಾರದ ಸಭೆಯ ರೂಢಿಯನ್ನು, ಉಳಿತಾಯವನ್ನು ಮುಖ್ಯವಾಗಿಟ್ಟುಕೊಂಡು, ಹಳ್ಳಿಹಳ್ಳಿಗೆ ಮುಟ್ಟಿಸಿತು.

ಪಾಮನಕಲ್ಲೂರಿಗೆ ದೂರವಲ್ಲದ ಪೋತ್ನಾಳವನ್ನು ಕೇಂದ್ರವಾಗಿಟ್ಟುಕೊಂಡು ಬೆಳೆದ ಜಾಗೃತ ಮಹಿಳಾ ಸಂಘಟನೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಇದು ಹೆಚ್ಚಾಗಿ ದಲಿತ ಕೂಲಿಕಾರ ಮಹಿಳೆಯರ ಸಂಘಟನೆ. ಅಕ್ಷರ ಬಾರದ ತಾಯಂದಿರು ಕೂಲಿಗೆ ಹೋಗುತ್ತಿದ್ದ ಮಕ್ಕಳಿಗಾಗಿ 'ಚಿಲಿಪಿಲಿ' ಎಂಬ ಶಾಲೆಗೆ ಬೆನ್ನೆಲುಬಾಗಿ ನಿಂತರು, ಸುಟ್ಟ ಮಣ್ಣಿನ ಆಭರಣ ಮಾಡಿ ನಗರಗಳ ಮಾರುಕಟ್ಟೆಗೆ ತಂದರು, ಕೂಲಿಯ ದರಕ್ಕಾಗಿ ಮತ್ತು ಜಾತಿಯ ಅವಮಾನದ ವಿರುದ್ಧ ಬೀದಿಗಿಳಿದರು. 2005ರ ಉದ್ಯೋಗ ಖಾತರಿ ಕಾಯ್ದೆ ಬಂದ ಮೇಲೆ ಈ ಜಿಲ್ಲೆಯಲ್ಲಿ ಗ್ರಾಮೀಣ ಕೂಲಿ ಕಾರ್ಮಿಕರ ಸಂಘಟನೆ ನಡೆಸಿದ ಕೆಲಸವೂ ಇದೇ ಬಗೆಯದು. ಕೆಲಸ ಬೇಡುವ ಫಾರಂ ನಂಬರ್ 6ನ್ನು ತುಂಬಿ ಪಂಚಾಯಿತಿಗೆ ಕೊಟ್ಟು, ದಿನಾಂಕ ಹಾಕಿದ ಸ್ವೀಕೃತಿ ರಸೀದಿಯನ್ನು ಕೇಳಿ ಪಡೆಯುವ ಮಹಿಳೆಯನ್ನು ಗಮನಿಸಿದರೆ ಈ ಲೇಖನದ ವಸ್ತು ಅಂಗೈಯಲ್ಲಿ ಕಾಣುತ್ತದೆ. ಕೆಲಸ ಇನ್ನೂ ಸಿಕ್ಕಿಲ್ಲ, ಕೂಲಿ ಇನ್ನೂ ಬಂದಿಲ್ಲ, ಆದರೆ ಹದಿನೈದು ದಿನದೊಳಗೆ ಕೆಲಸ ಕೊಡದಿದ್ದರೆ ಭತ್ಯೆ ಕೊಡಬೇಕೆಂಬ ಕಾನೂನನ್ನು ಬಲ್ಲ ಹಕ್ಕುದಾರಳಾಗಿ ಅವಳು ಮೇಜಿನ ಎದುರು ನಿಂತಿದ್ದಾಳೆ. ಆ ರಸೀದಿ ಇಲ್ಲದೆ ಅವಳು ಅಲ್ಲಿಂದ ಕದಲುವುದಿಲ್ಲ. ಬಂಡೂರಾ ಹೇಳಿದ 'ಮಾಡಿ ಕಂಡ ಅನುಭವ' ಎಂದರೆ ಇದೇ, ಮತ್ತು ಅವಳ ಹಿಂದೆ ಸಾಲಿನಲ್ಲಿ ನಿಂತ ಇನ್ನೊಬ್ಬಳಿಗೆ ಅದೇ 'ಕಂಡು ಕಲಿತ ಅನುಭವ'ವಾಗುತ್ತದೆ.

ಗೆಲುವು ಬಾರದೆ ಇದ್ದಾಗಲೂ ಈ ನಿಲುವು ಉಳಿಯುತ್ತದೆಯೇ ಎಂಬುದಕ್ಕೆ ಮದ್ಯ ನಿಷೇಧ ಆಂದೋಲನ ಸಾಕ್ಷಿ. 2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಿತಾದರೂ ಬೇರೆ ಮದ್ಯ ಕಿರಾಣಿ ಅಂಗಡಿ, ಗೂಡಂಗಡಿಗಳವರೆಗೆ ಹರಿದು ಬಂದಾಗ ರಾಯಚೂರಿನ ಹಳ್ಳಿಗಳ ಹೆಣ್ಣುಮಕ್ಕಳು ಇದರ ವಿರುದ್ಧ ಮುಂದಾಳುತನ ವಹಿಸಿದರು. 2019ರ ಜನವರಿಯಲ್ಲಿ ಸಾವಿರಾರು ಗ್ರಾಮೀಣ ಮಹಿಳೆಯರು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಸುಮಾರು 200 ಕಿಲೋಮೀಟರ್ ನಡೆದರು. ತಮ್ಮ ಊರಿನಲ್ಲಿ ಮದ್ಯ ಮಾರಬೇಕೇ ಬೇಡವೇ ಎಂಬುದನ್ನು ತೀರ್ಮಾನಿಸುವವರು ತಾವೇ ಎಂಬ ನಿಶ್ಚಯದಿಂದ ಅವರು ಮಾತನಾಡಿದರು. ನಿಷೇಧ ಜಾರಿಗೆ ಬರಲಿಲ್ಲ. ಆದ್ದರಿಂದ ಆ ನಡಿಗೆ ವ್ಯರ್ಥವಾಯಿತೆಂದು ತೀರ್ಪು ಕೊಡುವುದು ಅವಸರದ ಮಾತಾಗುತ್ತದೆ, ಏಕೆಂದರೆ ಕುಡಿತವನ್ನು ಮನೆಯೊಳಗೆ ಮುಚ್ಚಿಟ್ಟು ಅಳಬೇಕಾದ ಹಣೆಬರಹವೆಂದು ಬಗೆಯುತ್ತಿದ್ದವರು ಅದನ್ನು ಹೆದ್ದಾರಿಯ ಮೇಲೆ, ರಾಜಧಾನಿಯ ಎದುರು, ಆಡಳಿತದ ಪ್ರಶ್ನೆಯಾಗಿ ಎತ್ತಿದ್ದರು.

ಇಷ್ಟಾದರೂ ಈ ನಡೆಗೆ ತೆರಬೇಕಾದ ಬೆಲೆಯನ್ನು ಮರೆಮಾಚಬಾರದು. ಗಂಡು ಮುಂಚಿತವಾಗಿ ದೊಡ್ಡವನಂತೆ ನಡೆದರೆ ಧೈರ್ಯವೆನ್ನುವ ಊರು, ಹೆಣ್ಣು ಹಾಗೆ ನಡೆದರೆ 'ಗಂಡುಬೀರಿ' ಎನ್ನುತ್ತದೆ, 'ಆಕಿ ಈಗ ಸಾಹೇಬ್ರಾಗ್ಯಾಳ' ಎಂದು ಕಟ್ಟೆಯ ಮೇಲಿನಿಂದ ಮಾತು ತೂರುತ್ತದೆ. ಭೂಮಿಯಿಲ್ಲದವಳಿಗೆ, ದಲಿತಳಿಗೆ, ಒಂಟಿ ಮಹಿಳೆಗೆ ಈ ಮಾತಿನ ಜೊತೆಗೆ ಕೂಲಿ ತಪ್ಪುವ ಮತ್ತು ಏಟು ಬೀಳುವ ಭಯವೂ ಇರುತ್ತದೆ. 1978ರಲ್ಲಿ ಪೌಲೀನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ ಅವರು ಗೆದ್ದ ಮಹಿಳೆಯರೂ ತಮ್ಮ ಗೆಲುವಿಗೆ ತಾವು ತಕ್ಕವರಲ್ಲವೆಂದು ಅಂಜುವುದನ್ನು ಗುರುತಿಸಿದ್ದರು. ಆ ಅಂಜಿಕೆ ಎಲ್ಲಿಂದ ಬರುತ್ತದೆಂಬುದಕ್ಕೆ ಊರ ಕಟ್ಟೆಯ ಮಾತುಗಳೇ ಸಾಕಷ್ಟು ಉತ್ತರ ಕೊಡುತ್ತವೆ.

ಇನ್ನೊಂದು ಅಪಾಯ ಹೊಸದು, ಇದಕ್ಕಿಂತ ಗಂಭೀರವಾದದ್ದು. ಸಂಘದ ಶಿಸ್ತು ಬೆಳೆಸಿದ ಭರವಸೆಯನ್ನೇ ಅಡವಾಗಿ ಹಿಡಿದು ಮೈಕ್ರೋ ಫೈನಾನ್ಸ್ ಸಾಲ ಹಳ್ಳಿಗಳಿಗೆ ನುಗ್ಗಿತು. ನಾಳೆ ಉದ್ಯಮಿಯಾಗುವವಳು ಎಂಬ ಹೆಸರಿನಲ್ಲಿ ಇಂದು ಸಾಲ, ಆ ನಾಳೆ ಬರುವ ಮೊದಲೇ ವಾರದ ಕಂತು. ಒಬ್ಬಳ ಕಂತು ತಪ್ಪಿದರೆ ಗುಂಪೇ ಕಟ್ಟಬೇಕಾದ ಏರ್ಪಾಟಿನಲ್ಲಿ ಗೆಳತಿಯರೇ ವಸೂಲಿಗಾರರಾದರು. ಕಿರುಕುಳ ತಾಳಲಾರದೆ ಮನೆ ಬಿಟ್ಟವರ, ಜೀವ ಕಳೆದುಕೊಂಡವರ ಸುದ್ದಿಗಳು ರಾಜ್ಯದ ಹಲವೆಡೆಯಿಂದ ಬಂದ ಮೇಲೆ 2025ರ ಫೆಬ್ರುವರಿಯಲ್ಲಿ ಸರ್ಕಾರ ಬಲವಂತದ ವಸೂಲಿಯನ್ನು ತಡೆಯಲು ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಭಾವಿ ಸ್ವರೂಪವನ್ನು ಮಹಿಳೆ ತಾನಾಗಿ ಹೊರುವುದು ಬೇರೆ, ಮಾರುಕಟ್ಟೆ ಅದನ್ನು ಅವಳ ತಲೆಯ ಮೇಲೆ ಬಡ್ಡಿಸಮೇತ ಹೊರಿಸುವುದು ಬೇರೆ. ಆತ್ಮವಿಶ್ವಾಸದ ಬೋಧಕರು ಈ ಭೇದವನ್ನು ಎತ್ತಿ ಆಡದಿರುವುದು ದೊಡ್ಡ ಲೋಪ.

ಕೊನೆಯದಾಗಿ, ಊರು ಒಪ್ಪಲೇಬೇಕಾದ ಸ್ಥಾನದ ವಿಚಾರ. ಕರ್ನಾಟಕವು 1983ರ ಕಾಯ್ದೆಯ ಪ್ರಕಾರ 1987ರ ಮಂಡಲ ಪಂಚಾಯತಿ ಚುನಾವಣೆಯಲ್ಲಿಯೇ ಮಹಿಳೆಯರಿಗೆ ಶೇ. 25 ಸ್ಥಾನಗಳನ್ನು ಮೀಸಲಿಟ್ಟಿತು. 1993ರ ಕಾಯ್ದೆ ಅದನ್ನು ಮೂರನೆಯ ಒಂದಕ್ಕೆ ಏರಿಸಿತು, 2010ರಿಂದ ಅದು ಅರ್ಧಕ್ಕೆ ಮುಟ್ಟಿತು. ಗೆದ್ದವಳು ಮನೆಯಲ್ಲಿ, ಅವಳ ಗಂಡ ಅಧ್ಯಕ್ಷರ ಕುರ್ಚಿಯಲ್ಲಿ ಎಂಬ ದೂರು ಅಂದಿನಿಂದ ಇಂದಿನವರೆಗೂ ಇದೆ, ಅದು ಸುಳ್ಳೂ ಅಲ್ಲ. ಆದರೆ ಠರಾವು ಪುಸ್ತಕಕ್ಕೆ ಅವಳ ಸಹಿಯೇ ಬೇಕು, ಚೆಕ್ಕಿಗೆ ಅವಳ ಸಹಿಯೇ ಬೇಕು. ಏನು ಬರೆದಿದೆ ಎಂದು ಒಂದು ದಿನ ಅವಳು ಕೇಳಿದರೆ ಓದಿ ಹೇಳದೆ ಗತ್ಯಂತರವಿಲ್ಲ. ಸಂಘದಲ್ಲಿ ಲೆಕ್ಕದ ಪುಸ್ತಕ ನೋಡಿ ರೂಢಿಯಿದ್ದವಳು ಆ ಪ್ರಶ್ನೆಯನ್ನು ಬೇಗ ಕೇಳುತ್ತಾಳೆ, ಆ ರೂಢಿಯಿಲ್ಲದವಳು ತಡವಾಗಿ ಕೇಳುತ್ತಾಳೆ.

ಅಧಿಕಾರದಲ್ಲಿ ಹೆಣ್ಣನ್ನು ಕಂಡ ಊರು ಹೇಗೆ ಬದಲಾಗುತ್ತದೆ ಎಂಬುದನ್ನು ಲೋರಿ ಬೀಮನ್, ಎಸ್ತರ್ ಡುಫ್ಲೋ, ರೋಹಿಣಿ ಪಾಂಡೆ ಮತ್ತು ಪೆಟಿಯಾ ಟೊಪಲೋವಾ ಪಶ್ಚಿಮ ಬಂಗಾಳದ 495 ಹಳ್ಳಿಗಳಲ್ಲಿ ಅಧ್ಯಯನ ಮಾಡಿ 2012ರಲ್ಲಿ ಪ್ರಕಟಿಸಿದರು. ಎರಡು ಅವಧಿಗಳ ಕಾಲ ಮಹಿಳಾ ಪ್ರಧಾನರಿದ್ದ ಹಳ್ಳಿಗಳಲ್ಲಿ ಹುಡುಗ-ಹುಡುಗಿಯರ ಆಕಾಂಕ್ಷೆಗಳ ನಡುವಿನ ಅಂತರ ಹದಿಹರೆಯದವರಲ್ಲಿ ಶೇ. 32ರಷ್ಟು, ತಂದೆತಾಯಿಗಳು ಮಕ್ಕಳ ಬಗ್ಗೆ ಇಟ್ಟುಕೊಂಡ ಆಸೆಯಲ್ಲಿ ಶೇ. 20ರಷ್ಟು ಕಡಿಮೆಯಾಗಿತ್ತು, ಓದಿನಲ್ಲಿದ್ದ ಅಂತರ ಅಳಿಸಿಯೇ ಹೋಗಿತ್ತು, ಹುಡುಗಿಯರು ಮನೆಗೆಲಸದಲ್ಲಿ ಕಳೆಯುವ ಹೊತ್ತು ಇಳಿದಿತ್ತು. ಮೀಸಲು ಒಂದೇ ಅವಧಿಗೆ ಬಂದುಹೋದ ಹಳ್ಳಿಗಳಲ್ಲಿ ಇಂಥ ಬದಲಾವಣೆ ಸ್ಪಷ್ಟವಾಗಿ ಕಂಡುಬರಲಿಲ್ಲ. ಹುಡುಗಿಯೊಬ್ಬಳ ಒಳಗೆ ಸಂಭಾವ್ಯ ಸ್ವರೂಪವೊಂದು ನೆಲೆಗೊಳ್ಳಲು ಅವಳು ಹತ್ತಾರು ಬಾರಿ, ವರ್ಷಗಟ್ಟಲೆ, ತನ್ನೂರಿನ ಹೆಣ್ಣೊಬ್ಬಳನ್ನು ಆ ಸ್ಥಾನದಲ್ಲಿ ಕಾಣಬೇಕು ಎಂಬುದು ಇದರ ಅರ್ಥ.

ಕರ್ನಾಟಕದ ಈಗಿನ ವ್ಯವಸ್ಥೆ ಈ ಅರಿವಿಗೆ ವ್ಯತಿರಿಕ್ತವಾಗಿದೆ. 2015ರಲ್ಲಿ ಐದು ವರ್ಷಕ್ಕೆ ಹೆಚ್ಚಿಸಿದ್ದ ಗ್ರಾಮ ಪಂಚಾಯತಿ ಅಧ್ಯಕ್ಷ ಸ್ಥಾನದ ಅವಧಿಯನ್ನು 2020ರಲ್ಲಿ ಮತ್ತೆ 30 ತಿಂಗಳಿಗೆ ಇಳಿಸಲಾಯಿತು, ಮೀಸಲಾತಿಯೂ ಆವರ್ತನದಂತೆ ಸರಿಯುತ್ತ ಹೋಗುತ್ತದೆ. ಮಸ್ಕಿಯ ಸುತ್ತಲಿನ ಯಾವುದೇ ಪಂಚಾಯಿತಿಯಲ್ಲಿ ಮೊದಲ ಬಾರಿಗೆ ಕುರ್ಚಿಗೇರಿದ ಮಹಿಳೆ ನಡಾವಳಿಯ ಭಾಷೆಯನ್ನು ಅರಿತು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ (ಪಿಡಿಒ) ಜೊತೆ ವಾದಿಸಲು ಕಲಿತು, ಗಂಡನನ್ನು ಸಭೆಯ ಹೊರಗೆ ಕೂರಿಸುವಷ್ಟು ಗಟ್ಟಿಯಾಗುವ ಹೊತ್ತಿಗೆ ಅವಧಿ ಮುಗಿದಿರುತ್ತದೆ. ಮಹಿಳಾ ಮೀಸಲಿನ ಅಧ್ಯಕ್ಷ ಸ್ಥಾನವನ್ನು ಪೂರ್ಣ ಐದು ವರ್ಷಕ್ಕೆ, ಸಾಧ್ಯವಾದರೆ ಎರಡು ಅವಧಿಗೆ, ಒಂದೇ ಊರಿನಲ್ಲಿ ನಿಲ್ಲಿಸುವ ತಿದ್ದುಪಡಿಯೊಂದನ್ನು ರಾಜ್ಯ ತಂದರೆ, ಹತ್ತು ಆತ್ಮವಿಶ್ವಾಸ ಶಿಬಿರಗಳಿಂದ ಆಗದ ಕೆಲಸ ಪಾಮನಕಲ್ಲೂರಿನ ಎಂಟನೆಯ ತರಗತಿಯ ಹುಡುಗಿಯರ ಪಾಲಿಗೆ ಆದೀತು.